ತುರಿಕೆಯೇ ಬೇರೆ, ಕೆರೆತವೇ ಬೇರೆ

‘ಕಜ್ಜಿಯ ತೀವ್ರತೆಗೆ 0ಯಿಂದ 10ರವರೆಗೆ ಅಂಕ ಕೊಡಿ’ ಎಂದು ಚರ್ಮರೋಗದ ಬರಹವೊಂದರಲ್ಲಿ ಮತ್ತೊಮ್ಮೆ ಓದಿದೆ. ಅಂಕ ಕೊಡಬೇಕಾದದ್ದು ತುರಿಕೆಗೆ. ಕಜ್ಜಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದಿಂದ ಬರುವ ಅಂಟುರೋಗ, ತುರಿಕೆ ಒಂದು ಸಂವೇದನೆ. ಇಸುಬು (ಎಕ್ಸಿಮಾ) ಇದ್ದವರಿಗೆ ‘ಕಜ್ಜಿ’ ಎಂದುಬಿಟ್ಟರೆ, ಯಾರಿಗೂ ಅಂಟದ ಕಾಯಿಲೆಗಾಗಿ ಅವರನ್ನು ದೂರ ಕೂರಿಸಿದಂತಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ‘ತುರಿಸು’ ಎಂಬ ಕ್ರಿಯಾಪದದ್ದು. ‘ಕಾಲು ತುರಿಸುತ್ತಿದೆ’ ಎಂದರೆ ಕಾಲಿನಲ್ಲಿ ನವೆ. ‘ಕಾಲು ತುರಿಸುತ್ತಿದ್ದಾನೆ’ ಎಂದರೆ ಕೈಯ ಕೆಲಸ. ಮಾತಿನಲ್ಲಿ ಕ್ರಿಯಾಪದದ ಕೊನೆ ಕೇಳಿಯೇ ಅರ್ಥವಾಗುತ್ತದೆ. ಬರಹದಲ್ಲಿ ಅದನ್ನು ‘ತುರಿಸುವಿಕೆ’ ಎಂದು ಮಾಡಿದೊಡನೆ ಯಾವುದರ ಮಾತೆಂದೇ ತಿಳಿಯದು. ಅನುಭವಕ್ಕೆ ತುರಿಕೆ ಅಥವಾ ನವೆ, ಕ್ರಿಯೆಗೆ ಕೆರೆತ ಎಂದು ಬಳಸಿದರೆ ಸಾಕು. 1660ರಲ್ಲಿ ಜರ್ಮನ್ ವೈದ್ಯ ಸಾಮುಯೆಲ್ ಹಾಫೆನ್‌ರೆಫರ್ ಕೊಟ್ಟ ವ್ಯಾಖ್ಯೆಯಲ್ಲೇ ಇವೆರಡೂ ಬೇರೆಬೇರೆ: ಕೆರೆದುಕೊಳ್ಳುವ ಬಯಕೆ ಹುಟ್ಟಿಸುವ ಅಹಿತಕರ ಸಂವೇದನೆಯೇ ತುರಿಕೆ. ವೈದ್ಯಕೀಯ ಹೆಸರು ‘ಪ್ರುರೈಟಸ್’. ರೋಗದ ಹೆಸರಿನ ಕೊನೆಯ ‘-ಐಟಿಸ್’ ಉರಿಯೂತವನ್ನು ಸೂಚಿಸುತ್ತದೆ; ‘ಪ್ರುರೈಟಿಸ್’ ಎಂದು ಬರೆಯುವವರು ತುರಿಕೆಯನ್ನು ಆ ಸಾಲಿಗೆ ಸೇರಿಸುತ್ತಿದ್ದಾರೆ. ‘ಪ್ರುರೈಟಸ್’ ಪದ ‘ನವೆಯಾಗು’ ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದು, ಉರಿಯೂತಕ್ಕೂ ಆ ಪದಕ್ಕೂ ನಂಟಿಲ್ಲ.

ಅಳತೆಗೆ ಬಂದಾಗ ಈ ಭೇದ ಬಿಟ್ಟರೆ ಎಲ್ಲವೂ ಕೆಡುತ್ತದೆ. ಮಣಿಕಟ್ಟಿಗೆ ಕಟ್ಟುವ ಸಾಧನ ರಾತ್ರಿಯಿಡೀ ಕೈಯ ಚಲನೆ ದಾಖಲಿಸಬಲ್ಲದು. ಅದು ಕೆರೆತದ ಲೆಕ್ಕ. ಬಹುಕಾಲ ಉಜ್ಜಿಕೊಂಡವರ ಉಗುರು ಪಾಲಿಶ್ ಹಚ್ಚಿದಂತೆ ಹೊಳೆಯುತ್ತದೆ, ಅದೂ ಕೆರೆತದ ಗುರುತೇ. ಮೈಯೆಲ್ಲ ಗೀರುಗಳಿದ್ದು, ಕೈಗೆಟುಕದ ಬೆನ್ನಿನ ನಡುಭಾಗ ಮಾತ್ರ ನುಣುಪಾಗಿ ಉಳಿದವರನ್ನು ನೋಡಿ: ನವೆ ಅಲ್ಲೂ ಇರಬಹುದು, ಉಗುರು ತಲುಪಿಲ್ಲ ಅಷ್ಟೆ. ತುರಿಕೆ ಎಷ್ಟಿದೆ ಎಂಬುದನ್ನು ಅನುಭವಿಸುವವರೇ ಹೇಳಬೇಕು. ಅದಕ್ಕೇ ‘ಕಳೆದ 24 ಗಂಟೆಗಳಲ್ಲಿ ತುರಿಕೆ ಅತಿ ಜೋರಾಗಿದ್ದಾಗ ಎಷ್ಟಿತ್ತು?’ ಎಂದು ಕೇಳಿ 0ಯಿಂದ 10ರೊಳಗೆ ಒಂದು ಅಂಕ ಪಡೆಯುವುದು. ಔಷಧ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ 4 ಅಂಕ ಇಳಿದರೆ ನಿಜವಾದ ಉಪಶಮನ ಎನ್ನುತ್ತಾರೆ. ಚರ್ಮದಲ್ಲಿ ಏನೂ ಕಾಣದವರು 9 ಎಂದರೂ 9 ಎಂದೇ ಬರೆದುಕೊಳ್ಳಬೇಕು.

ತುರಿಕೆಯನ್ನು ‘ಸಣ್ಣ ನೋವು’ ಎನ್ನುವುದೂ ತಪ್ಪು. ಮಾರ್ಫಿನ್ ನೋವನ್ನು ತಗ್ಗಿಸುತ್ತದೆ, ತುರಿಕೆಯನ್ನು ತರಬಲ್ಲದು. ಕಾರಣವೆಲ್ಲ ಹಿಸ್ಟಮಿನ್ (ಅಲರ್ಜಿಯಾದಾಗ ದೇಹ ಬಿಡುಗಡೆ ಮಾಡುವ ರಾಸಾಯನಿಕ) ಎಂಬುದೂ ಅರ್ಧ ಸತ್ಯ. ಪಿತ್ತಗಂಧೆಗೆ ಆ ಮಾತು ಹೊಂದುತ್ತದೆ. ನಸುಗುನ್ನಿ ಬಳ್ಳಿಯ ಕಾಯಿಯ ರೋಮ ತಾಗಿದಾಗಿನ ನವೆ ಅದರಲ್ಲಿರುವ ಕಿಣ್ವದಿಂದ, ಬೇರೆ ನರತಂತುಗಳ ಮೂಲಕ ಬರುತ್ತದೆ. ಅಟೋಪಿಕ್ ಇಸುಬಿನಲ್ಲಿ (ಅಲರ್ಜಿ ಪ್ರವೃತ್ತಿಯವರಲ್ಲಿ ಹೆಚ್ಚಾಗಿ ಕಾಣುವ ಬಗೆ) ಇಂಟರ್‌ಲ್ಯೂಕಿನ್ 31ರಂಥ, ರೋಗನಿರೋಧಕ ಕೋಶಗಳು ಕಳಿಸುವ ಸಂಕೇತಗಳ ಪಾತ್ರ ದೊಡ್ಡದು. ಹಿಸ್ಟಮಿನ್ ತಡೆಯುವ ಅಲರ್ಜಿ ಮಾತ್ರೆ ನುಂಗಿಯೂ ಅಲ್ಲಿ ನವೆ ಇಳಿಯದಿರುವುದು ಇದರಿಂದಲೇ. ಪಿತ್ತರಸದ ಹರಿವು ಕಟ್ಟಿಕೊಂಡಾಗ ಒಂದು ಗುಳ್ಳೆಯೂ ಏಳದೆ ಅಂಗೈ, ಅಂಗಾಲು ನವೆಯಾಗಬಹುದು. ಆರು ವಾರ ದಾಟಿದ, ಗುಳ್ಳೆಯಿಲ್ಲದ ತುರಿಕೆಗೆ ಮುಲಾಮು ಬದಲಿಸುತ್ತ ಕೂರದೆ ಯಕೃತ್ತು, ಮೂತ್ರಪಿಂಡ, ಥೈರಾಯ್ಡ್, ಕಬ್ಬಿಣದಂಶಗಳ ರಕ್ತಪರೀಕ್ಷೆ ಮಾಡಿಸಬೇಕು.