ಮನೆಯ ಫೋನಿನಲ್ಲಿ ಕಾಣುವ ಸಂಖ್ಯೆ ಯಾರದು?

ಕೆಲವು ವರ್ಷಗಳ ಹಿಂದೆ, ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಕಾಕು (ಚಿಕ್ಕಮ್ಮ) ಅವರ ಮನೆಗೆ ಮಧ್ಯಾಹ್ನದ ಹೊತ್ತಿನಲ್ಲಿ ಒಂದು ಫೋನ್ ಬಂತು. ಫೋನಿನ ಪುಟ್ಟ ಪರದೆಯಲ್ಲಿ ಮೂಡಿದ್ದು 0836ರ ಸಂಖ್ಯೆ, ಅಂದರೆ ಹುಬ್ಬಳ್ಳಿ-ಧಾರವಾಡದ್ದೇ. ಊರಿನವರೇ ಯಾರೋ ಇರಬೇಕೆಂದು ಅವರು ರಿಸೀವರ್ ಎತ್ತಿದರು. ಆ ಕಡೆಯ ಧ್ವನಿ ತಾನು ದೂರವಾಣಿ ಇಲಾಖೆಯದೆಂದು ಹೇಳಿಕೊಂಡು, ಇನ್ನೆರಡು ತಾಸಿನಲ್ಲಿ ನಿಮ್ಮ ಲೈನ್ ಬಂದ್ ಆಗುತ್ತದೆ, ವಿವರಕ್ಕೆ 9 ಒತ್ತಿರಿ ಎಂದಿತು. ಕಾಕು ಒತ್ತಲಿಲ್ಲ. ಸಂಜೆ ಅವರ ಮನೆಗೆ ಹೋದ ನಾನು ಅದೇ ಸಂಖ್ಯೆಗೆ ತಿರುಗಿ ಫೋನ್ ಮಾಡಿದೆ. ಎತ್ತಿಕೊಂಡವರು ಹುಬ್ಬಳ್ಳಿಯ ಒಬ್ಬ ಅಂಗಡಿಕಾರರು. "ಮುಂಜಾನಿಂದ ನೀವು ಆರನೇದವರ್ರೀ. ನಾವು ಯಾರಿಗೂ ಫೋನ್ ಮಾಡಿಲ್ಲ" ಎಂದು ಅವರು ದಣಿದ ದನಿಯಲ್ಲಿ ಹೇಳಿದರು.

ಅವರ ಸಂಖ್ಯೆಯನ್ನು ಬೇರೆ ಯಾರೋ ಮುಖವಾಡದಂತೆ ಬಳಸಿದ್ದರು. ಇಂಥ ಕರೆಯಿಂದ ನೋಯುವವರು ಇಬ್ಬರು: ಮೋಸಕ್ಕೆ ಗುರಿಯಾದವರು ಮತ್ತು ಯಾರ ಸಂಖ್ಯೆ ಕದ್ದುಹೋಯಿತೋ ಅವರು. ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ತಿಳಿಯಬೇಕಾದರೆ ಪರದೆಯ ಮೇಲಿನ ಸಂಖ್ಯೆ ಎಲ್ಲಿಂದ ಬರುತ್ತದೆ ಎಂಬಲ್ಲಿಂದ ಆರಂಭಿಸಬೇಕು.

ನಮ್ಮ ಭಾಗಕ್ಕೂ ಈ ಕಥೆಗೂ ಹತ್ತಿರದ ನಂಟಿದೆ. 1984ರಲ್ಲಿ ಸ್ಥಾಪನೆಯಾದ, ದೂರಸಂಪರ್ಕ ತಂತ್ರಜ್ಞಾನದ ಸರಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಲೈನುಗಳ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಮೊದಲು ನೆಲೆಗೊಂಡದ್ದು ಧಾರವಾಡದಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಕಿತ್ತೂರಿನಲ್ಲಿ, 1986ರಲ್ಲಿ. ಅದಕ್ಕೆ ಮುಂಚೆ ಪರಊರಿಗೆ ಮಾತನಾಡಬೇಕೆಂದರೆ ಹೆಚ್ಚಾಗಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು, ಮತ್ತು ಯಾರು ಯಾರಿಗೆ ಮಾತನಾಡುತ್ತಿದ್ದಾರೆಂಬುದು ನಡುವೆ ಕುಳಿತ ಆಪರೇಟರಿಗೆ ಗೊತ್ತಿರುತ್ತಿತ್ತು. ಎಕ್ಸ್‌ಚೇಂಜುಗಳು ಸ್ವಯಂಚಾಲಿತವಾದಂತೆ ಆ ಮನುಷ್ಯ ಸಾಕ್ಷಿ ಮರೆಯಾದನು. ಅವನ ಜಾಗದಲ್ಲಿ ಬಂದದ್ದು ಎಕ್ಸ್‌ಚೇಂಜುಗಳು ತಮ್ಮತಮ್ಮಲ್ಲೇ ಕಳುಹಿಸಿಕೊಳ್ಳುವ ಸಂಕೇತ ಸಂದೇಶ. ಮಾತು ಒಂದು ದಾರಿಯಲ್ಲಿ ಹೋದರೆ, ಈ ಕರೆ ಇಂಥ ಸಂಖ್ಯೆಯಿಂದ ಇಂಥ ಸಂಖ್ಯೆಗೆ ಎಂಬ ವಿವರ ಇನ್ನೊಂದು ದಾರಿಯಲ್ಲಿ ಮುಂದಾಗಿಯೇ ಹೋಗುತ್ತದೆ. ಮನೆಯ ಪರದೆ ತೋರಿಸುವುದು ಆ ಸಂದೇಶದಲ್ಲಿ ಬರೆದಿರುವುದನ್ನು ಮಾತ್ರ.

ಈ ವ್ಯವಸ್ಥೆಯನ್ನು ರೂಪಿಸಿದ ಕಾಲದಲ್ಲಿ ಜಗತ್ತಿನ ದೂರವಾಣಿ ಜಾಲಗಳು ಬೆರಳೆಣಿಕೆಯ ಸರಕಾರಿ ಇಲಾಖೆಗಳ ಮತ್ತು ದೊಡ್ಡ ಕಂಪನಿಗಳ ಕೈಯಲ್ಲಿದ್ದವು. ಒಂದು ಎಕ್ಸ್‌ಚೇಂಜ್ ಹೇಳಿದ್ದನ್ನು ಇನ್ನೊಂದು ಪ್ರಶ್ನಿಸದೆ ನಂಬುತ್ತಿತ್ತು, ಏಕೆಂದರೆ ಸುಳ್ಳು ಹೇಳುವವರು ಆ ವಲಯದೊಳಗೆ ಇರಲಿಲ್ಲ. ಇಂದಿಗೂ ಸಾಮಾನ್ಯ ಮನೆಯ ಲೈನಿನಿಂದ ಕರೆ ಮಾಡುವವರು ತಮ್ಮ ಸಂಖ್ಯೆಯನ್ನು ತಿದ್ದಲಾರರು. ಅದನ್ನು ಬರೆಯುವುದು ಎಕ್ಸ್‌ಚೇಂಜ್. ತೊಂದರೆ ಹುಟ್ಟುವುದು ಜಾಲದ ಅಂಚುಗಳಲ್ಲಿ. ದೊಡ್ಡ ಕಚೇರಿಗಳ ಖಾಸಗಿ ಎಕ್ಸ್‌ಚೇಂಜ್ ತನ್ನ ಸಂಖ್ಯೆಯನ್ನು ತಾನೇ ಹೇಳಿಕೊಳ್ಳಬಲ್ಲದು. ಅಂತರ್ಜಾಲದ ಮೂಲಕ ಹೊರಡುವ ಕರೆಯಲ್ಲಿ ಕಳುಹಿಸುವವರ ಸಂಖ್ಯೆ ಕಂಪ್ಯೂಟರಿನಲ್ಲಿ ಟೈಪ್ ಮಾಡಬಹುದಾದ ಒಂದು ಸಾಲು ಅಷ್ಟೇ, ಮತ್ತು ಅದನ್ನು ತಾಳೆ ನೋಡಬೇಕಾದದ್ದು ಆ ಕರೆಯನ್ನು ಮೊದಲು ಒಳಗೆ ಬಿಟ್ಟುಕೊಳ್ಳುವ ಕಂಪನಿ. ಆ ಕಂಪನಿ ವಿದೇಶದಲ್ಲಿದ್ದು, ತಾಳೆ ನೋಡದೆ ಕಳುಹಿಸಿದರೆ, ಮುಂದಿನ ಜಾಲಗಳು ಆ ಸುಳ್ಳನ್ನೇ ನಿಷ್ಠೆಯಿಂದ ಹೊತ್ತು ತರುತ್ತವೆ.

ಭಾರತದಲ್ಲಿ ಸಂಖ್ಯೆ ತಿದ್ದುವ ಚಾಳಿ ದೊಡ್ಡದಾಗಿ ಬೆಳಕಿಗೆ ಬಂದದ್ದು ಸುಂಕದ ಕಾರಣದಿಂದ ಎಂಬುದನ್ನು ಇಂದು ಹೆಚ್ಚಿನವರು ಮರೆತಿದ್ದಾರೆ. ಹಳ್ಳಿಗಳ ಲ್ಯಾಂಡ್‌ಲೈನ್ ಸೇವೆಯ ನಷ್ಟವನ್ನು ತುಂಬಲು 2003ರಲ್ಲಿ ಒಂದು ಶುಲ್ಕ ಜಾರಿಗೆ ಬಂತು. ವಿದೇಶದಿಂದ ಬರುವ ಕರೆಗಳ ಮೇಲೆ ಅದರ ಹೊರೆ ಹೆಚ್ಚಿತ್ತು. ಅದನ್ನು ತಪ್ಪಿಸಲು ವಿದೇಶಿ ಕರೆಗೆ ದೇಶೀಯ ಸಂಖ್ಯೆಯ ವೇಷ ತೊಡಿಸುವ ದಂಧೆ ಶುರುವಾಯಿತು, ಮತ್ತು ಒಂದು ದೊಡ್ಡ ಕಂಪನಿಗೆ ಸರಕಾರ 150 ಕೋಟಿ ರೂಪಾಯಿ ದಂಡ ಹಾಕುವವರೆಗೂ ವಿಷಯ ಹೋಯಿತು. 2008ರಲ್ಲಿ ಆ ಶುಲ್ಕ ಕೊನೆಗೊಂಡರೂ ಕಲಿತ ವಿದ್ಯೆ ಉಳಿಯಿತು. ಹಳ್ಳಿಯ ಫೋನುಗಳನ್ನು ಉಳಿಸಲು ಎತ್ತಿಟ್ಟ ಹಣವನ್ನು ಕದಿಯಲು ಬಳಸಿದ ಉಪಾಯವೇ ಮುಂದೆ ಆ ಫೋನುಗಳ ಮುಂದೆ ಕುಳಿತ ಹಿರಿಯರನ್ನು ಬೆದರಿಸಲು ಒದಗಿತೆಂಬುದು ನನಗೆ ಬಹಳ ನೋವಿನ ಸಂಗತಿಯಾಗಿ ತೋರುತ್ತದೆ.

ಕಿರಿಕಿರಿಯ ಕರೆಗಳ ವಿರುದ್ಧದ ನಿಯಮಗಳು ಬೇರೆ ಹಾದಿಯಲ್ಲಿ ಬೆಳೆದವು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2007ರಲ್ಲಿ ಕರೆ ಬೇಡವೆನ್ನುವವರ ರಾಷ್ಟ್ರೀಯ ಪಟ್ಟಿಯನ್ನು ತಂದಿತು. 2010ರ ನಿಯಮಗಳು ಜಾಹೀರಾತು ಕರೆಗಳಿಗೆ 140ರಿಂದ ಆರಂಭವಾಗುವ ಸಂಖ್ಯೆಗಳನ್ನು ಗೊತ್ತುಮಾಡಿದವು. 2018ರಲ್ಲಿ ಕಳುಹಿಸುವವರ ನೋಂದಣಿ, ಕಂಪನಿಗಳು ಹಂಚಿಕೊಳ್ಳುವ ಮತ್ತು ಗುಟ್ಟಾಗಿ ತಿದ್ದಲಾಗದ ಬ್ಲಾಕ್‌ಚೈನ್ ದಾಖಲೆಗೆ ಹೋಯಿತು. ಇವೆಲ್ಲವೂ ಪರದೆಯ ಮೇಲಿನ ಸಂಖ್ಯೆ ನಿಜವೆಂಬ ನಂಬಿಕೆಯ ಮೇಲೆ ನಿಂತಿವೆ. ನೋಂದಾಯಿತ ವ್ಯಾಪಾರಿಯನ್ನು ಇವು ಹದ್ದುಬಸ್ತಿನಲ್ಲಿಡಬಲ್ಲವು, ವೇಷ ಹಾಕಿ ಬಂದವನನ್ನಲ್ಲ.

ಸಂಖ್ಯೆಯ ಸುಳ್ಳನ್ನೇ ಬೇರಿನಲ್ಲಿ ಹಿಡಿಯುವ ಪ್ರಯತ್ನ ಫಲ ಕೊಟ್ಟದ್ದು ಈಚೆಗೆ. ಇದರ ತರ್ಕ ಸರಳವಾಗಿದೆ. 0836ರ ಲೈನ್ ಹುಬ್ಬಳ್ಳಿ-ಧಾರವಾಡದ ಗೋಡೆಗೆ ಅಂಟಿಕೊಂಡಿರುವಂಥದ್ದು. ಅದು ವಿದೇಶ ಪ್ರವಾಸ ಹೋಗುವುದಿಲ್ಲ. ಆದ್ದರಿಂದ ವಿದೇಶದ ದ್ವಾರದಿಂದ ಬರುವ ಕರೆ ಭಾರತದ ಲ್ಯಾಂಡ್‌ಲೈನ್ ಸಂಖ್ಯೆಯನ್ನು ಹೊತ್ತಿದ್ದರೆ ಅದನ್ನು ಅಲ್ಲಿಯೇ ತಡೆಯಬಹುದು, ಮತ್ತು ದೂರಸಂಪರ್ಕ ಇಲಾಖೆಯ ಸೂಚನೆಯಂತೆ ಕಂಪನಿಗಳು ಇದನ್ನೇ ಮೊದಲು ಮಾಡಿದವು. ಮೊಬೈಲ್ ಸಂಖ್ಯೆಯ ವಿಷಯ ಹಾಗಲ್ಲ, ಏಕೆಂದರೆ ಅದರ ಒಡೆಯರು ನಿಜವಾಗಿಯೂ ದುಬೈಯಲ್ಲಿದ್ದು ಮನೆಗೆ ಫೋನ್ ಮಾಡುತ್ತಿರಬಹುದು. ಆ ಸಂಖ್ಯೆ ಈಗ ರೋಮಿಂಗ್‌ನಲ್ಲಿದೆಯೇ ಎಂದು ಕ್ಷಣದಲ್ಲಿ ಕೇಳಿ ತಿಳಿಯುವ ಕೇಂದ್ರ ವ್ಯವಸ್ಥೆ 2024ರ ಅಕ್ಟೋಬರ್ 22ರಂದು ಉದ್ಘಾಟನೆಯಾಯಿತು. ಮೊದಲ 24 ಗಂಟೆಗಳಲ್ಲಿ ಅದು ತಡೆದ ಕರೆಗಳು ಸುಮಾರು 1.35 ಕೋಟಿ, ಭಾರತದ ಸಂಖ್ಯೆ ಹೊತ್ತು ಹೊರದೇಶದಿಂದ ಬಂದ ಕರೆಗಳಲ್ಲಿ ಶೇ 90ರಷ್ಟು ಸುಳ್ಳಾಗಿದ್ದವು. ಇದಕ್ಕೆ ಕಾನೂನಿನ ಬಲವೂ ಸೇರಿದೆ: 2023ರ ದೂರಸಂಪರ್ಕ ಕಾಯ್ದೆಯಲ್ಲಿ ಸಂಖ್ಯೆಯಂಥ ಗುರುತನ್ನು ತಿದ್ದುವುದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡವಿದೆ.

ದ್ವಾರ ಮುಚ್ಚಿದಾಗ ಮೋಸಗಾರರು ಕಿಂಡಿ ಹುಡುಕುತ್ತಾರೆ. ಒಂದು ಬಾಡಿಗೆ ಕೋಣೆಯಲ್ಲಿ ಹತ್ತಾರು ಸಿಮ್ ತುಂಬಿದ ಪೆಟ್ಟಿಗೆಯನ್ನಿಟ್ಟು, ಅಂತರ್ಜಾಲದಲ್ಲಿ ಬಂದ ವಿದೇಶಿ ಕರೆಯನ್ನು ಸ್ಥಳೀಯ ಮೊಬೈಲ್ ಕರೆಯಾಗಿ ಹೊರಡಿಸುವ ಸಿಮ್ ಬಾಕ್ಸ್ ಅಂಥ ಒಂದು ಕಿಂಡಿ. ಇಲ್ಲಿ ಸಂಖ್ಯೆ ನಿಜವಾಗಿಯೇ ಇರುತ್ತದೆ, ಅದರ ಹಿಂದಿನ ಮನುಷ್ಯ ಮಾತ್ರ ಬೇರೆ. ಕರೆ ಮಾಡುವವರ ಹೆಸರನ್ನೇ ಪರದೆಯಲ್ಲಿ ತೋರಿಸಬೇಕೆಂದು ಟ್ರಾಯ್ 2024ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿತು. ಅದು ಉಪಯುಕ್ತವೇ, ಆದರೆ ಹೆಸರನ್ನು ಹುಡುಕುವುದು ಸಂಖ್ಯೆಯ ಆಧಾರದಿಂದ. ಸಂಖ್ಯೆ ಕದ್ದದ್ದಾಗಿದ್ದರೆ ಪರದೆಯಲ್ಲಿ ಮೂಡುವುದು ಹುಬ್ಬಳ್ಳಿಯ ಆ ಅಂಗಡಿಕಾರರ ಹೆಸರು.

ಅಮೆರಿಕದಲ್ಲಿ ಸ್ಟಿರ್-ಶೇಕನ್ ಎಂಬ ವಿಧಾನವಿದೆ. ಕರೆಯನ್ನು ಹೊರಡಿಸುವ ಕಂಪನಿ ಸಂಖ್ಯೆಗೆ ಡಿಜಿಟಲ್ ಸಹಿ ಹಾಕುತ್ತದೆ, ಮುಟ್ಟಿಸುವ ಕಂಪನಿ ಅದನ್ನು ಪರೀಕ್ಷಿಸುತ್ತದೆ. ಅಲ್ಲಿನ ದೊಡ್ಡ ಕಂಪನಿಗಳಿಗೆ 2021ರ ಜೂನ್ 30ರೊಳಗೆ ಇದು ಕಡ್ಡಾಯವಾಯಿತು. ಆದರೆ ದಾರಿಯಲ್ಲಿ ಹಳೆಯ ಕಾಲದ ಎಕ್ಸ್‌ಚೇಂಜ್ ಸಿಕ್ಕರೆ ಸಹಿ ಅಲ್ಲಿಯೇ ಕಳಚಿ ಬೀಳುತ್ತದೆ, ಏಕೆಂದರೆ ಅದರ ಸಂಕೇತ ಸಂದೇಶದಲ್ಲಿ ಸಹಿಗೆ ಜಾಗವಿಲ್ಲ. ಹೀಗಾಗಿ ತಾಮ್ರದ ತಂತಿಯ ಫೋನುಗಳಿಗೆ ಈ ರಕ್ಷಣೆ ಕೊನೆಗೆ ತಲುಪುತ್ತದೆ. ನಮ್ಮಲ್ಲಿಯೂ ಸಂಖ್ಯೆ ಗುರುತಿಸುವ ಆ್ಯಪ್‌ಗಳು ಮನೆಯ ಫೋನಿಗೆ ಬರುವುದಿಲ್ಲ, ಮತ್ತು ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ತಾಣದಲ್ಲಿ ಮೋಸದ ಕರೆಗಳಿಗೆಂದಿರುವ 'ಚಕ್ಷು' ವಿಭಾಗದಲ್ಲಿ ದೂರು ಕೊಡಲು ಮೊಬೈಲಿಗೆ ಬರುವ ಒಟಿಪಿ ಬೇಕು. ಲ್ಯಾಂಡ್‌ಲೈನನ್ನೇ ನೆಚ್ಚಿಕೊಂಡ ಎಪ್ಪತ್ತು ದಾಟಿದವರನ್ನು ಹೀಗೆ ಹೊರಗಿಡುವುದು ನ್ಯಾಯವಲ್ಲ.

ಅವರಿಗೆ ಉಳಿದಿರುವ ಒಂದು ದಾರಿ, ಕಿರಿಕಿರಿಯ ಕರೆಗಳ ದೂರಿಗೆಂದಿರುವ 1909ಕ್ಕೆ ಫೋನ್ ಮಾಡುವುದು. ಟ್ರಾಯ್ ನಿಯಮಗಳಿಗೆ 2025ರ ಫೆಬ್ರವರಿಯಲ್ಲಿ ಬಂದ ತಿದ್ದುಪಡಿ ಇದನ್ನು ಸುಧಾರಿಸಿದೆ: ಮೂರು ದಿನಗಳ ಬದಲು ಏಳು ದಿನಗಳೊಳಗೆ ದೂರು ಕೊಡಬಹುದು, ನೋಂದಣಿಯಿಲ್ಲದವರ ಕರೆಯ ವಿರುದ್ಧವಾದರೆ ಕರೆ ಬೇಡವೆನ್ನುವವರ ಪಟ್ಟಿಯಲ್ಲಿ ಮೊದಲೇ ಹೆಸರು ಇರಬೇಕಾಗಿಲ್ಲ, ಕ್ರಮಕ್ಕಿದ್ದ 30 ದಿನಗಳ ಗಡುವು ಐದಕ್ಕೆ ಇಳಿದಿದೆ. ಆದರೂ ದೂರಿನ ತನಿಖೆ ಸಂಖ್ಯೆಯನ್ನೇ ಹಿಡಿದು ಅದರ ಕಂಪನಿಗೆ ಹೋದರೆ, ವೇಷದ ಕರೆಯ ಮಟ್ಟಿಗೆ ಅಲ್ಲಿ ಏನೂ ಸಿಗುವುದಿಲ್ಲ. ಆ ಕರೆ ಅಲ್ಲಿಂದ ಹೊರಟೇ ಇರುವುದಿಲ್ಲ. ತನಿಖೆ ಆರಂಭವಾಗಬೇಕಾದದ್ದು ಕರೆ ಸ್ವೀಕರಿಸಿದ ಎಕ್ಸ್‌ಚೇಂಜಿನಿಂದ. ಅದು ಯಾವ ಜಾಲದ ಕೈಯಿಂದ ಈ ಕರೆಯನ್ನು ಪಡೆಯಿತು ಎಂಬ ದಾಖಲೆ ಅದರ ಬಳಿ ಇರುತ್ತದೆ, ಆ ಜಾಲದ ಬಳಿ ಅದರ ಹಿಂದಿನದು. ಹೀಗೆ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ನಡೆಯುವ ಕೆಲಸಕ್ಕೆಂದೇ ಅಮೆರಿಕದ 2019ರ ಕಾನೂನು ಒಂದು ಒಕ್ಕೂಟವನ್ನು ನೋಂದಾಯಿಸಲು ಹೇಳಿತು. ನಮ್ಮಲ್ಲೂ 1909ರ ದೂರುಗಳಿಗೆ ಇಂಥ ಏರ್ಪಾಡು ಬೇಕು.

ಆ ಹುಡುಕಾಟಕ್ಕೆ ಸಂಖ್ಯೆಗಿಂತ ಕರೆ ಬಂದ ನಿಖರ ವೇಳೆ ಮುಖ್ಯ. ಕಾಕು ಅವರ ಫೋನಿನ ಪಕ್ಕದಲ್ಲಿ ಈಗ ಹಳೆಯ ಡೈರಿಯೊಂದಿದೆ. ಅದರಲ್ಲಿ ತಾರೀಖು, ಗೋಡೆಯ ಗಡಿಯಾರ ನೋಡಿ ಬರೆದ ತಾಸು-ಮಿನಿಟು, ಪರದೆಯಲ್ಲಿ ಕಂಡ ಸಂಖ್ಯೆ ಮತ್ತು ಆ ಕಡೆಯವರು ಹೇಳಿದ ಮಾತು ಒಂದೊಂದು ಸಾಲಿನಲ್ಲಿವೆ.