ವ್ಯಾಕರಣ ಬರೆದ ಕೈಯಲ್ಲೇ ಬೀಜದ ಚೀಲ

ಕಳೆದ ಮಾರ್ಚ್‌ನಲ್ಲಿ ಪ್ಯಾನ್ಸಿ ಹೂವಿನ ಬೀಜದ ಪೊಟ್ಟಣ ಒಂದು ತಂದೆ. ಹಿಂಬದಿಯಲ್ಲಿ ‘ಮಾರ್ಚ್‌ನಿಂದ ಬಿತ್ತಬಹುದು, ಪೂರ್ತಿ ಬಿಸಿಲು ಬೇಕು’ ಅಂತ ಇತ್ತು. ಕಲಬುರಗಿಯಲ್ಲಿ ಬಿಸಿಲಿಗೇನು ಬರ? ಮಾಳಿಗೆ ಮೇಲೆ ಎಂಟು ಕುಂಡ ಇಟ್ಟು ಬಿತ್ತಿದೆ. ಆರರಲ್ಲಿ ಏನೂ ಏಳಲಿಲ್ಲ. ಎರಡರಲ್ಲಿ ದಾರದೆಳೆಯಂಥ ಸಸಿ ಎದ್ದವು. ಏಪ್ರಿಲ್‌ನಲ್ಲಿ ಅವೂ ಸುಟ್ಟ ಕಾಗದದ ಹಾಗೆ ಮುದುಡಿಕೊಂಡವು.

ಪಕ್ಕದ ಮನೆ ಅಜ್ಜಿ ಗೋಡೆ ಆಚೆಯಿಂದ ನೋಡಿ ನಕ್ಕರು. “ಬ್ಯಾಸಗ್ಯಾಗ ಯಾರರೆ ಬೀಜ ಹಾಕ್ತಾರೇನವ್ವಾ? ಮಿರಗ ಕೂಡ್ಲಿ ತಡಿ” ಅಂದರು. ಮಿರಗ ಅಂದರೆ ಮೃಗಶಿರ ಮಳೆ.

ಪೊಟ್ಟಣದ ಮೇಲೆ ಬರೆದದ್ದು ಸುಳ್ಳಲ್ಲ. ಅದು ಇಂಗ್ಲೆಂಡಿನಂಥ ತಂಪು ಸೀಮೆಯ ಮಾರ್ಚ್. ನಾನದನ್ನು ನಲವತ್ತು ಡಿಗ್ರಿಯ ಊರಿಗೆ ತಂದು ಹಚ್ಚಿದೆ, ಅಷ್ಟೇ. ಆದರೆ ಅಂದಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಉಳಿಯಿತು. ಯಾವ ಊರಿನಲ್ಲಿ ಯಾವ ಬೀಜ ಯಾವಾಗ ಏಳುತ್ತದೆ ಅಂತ ನಮ್ಮ ದೇಶದಲ್ಲಿ ಕೂತು ಲೆಕ್ಕ ಇಡಲು ಶುರು ಮಾಡಿದವರು ಯಾರು? ಹುಡುಕುತ್ತಾ ಹೋದರೆ ಸಿಕ್ಕಿದ್ದು ಕನ್ನಡ ವ್ಯಾಕರಣ ಬರೆದ ಒಬ್ಬ ಮನುಷ್ಯ!

ಅವರು ವಿಲಿಯಂ ಕೇರಿ. ಇಂಗ್ಲೆಂಡಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದವರು, ಪಾದ್ರಿಯಾಗಿ 1793ರಲ್ಲಿ ಬಂಗಾಳಕ್ಕೆ ಬಂದರು. ಕೋಲ್ಕತ್ತಾ ಹತ್ತಿರದ ಶ್ರೀರಾಮಪುರದಲ್ಲಿ ನೆಲೆ ನಿಂತರು. ಅಲ್ಲಿನ ಅಚ್ಚುಕೂಟದಿಂದ 1817ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂತು. ನಮ್ಮಲ್ಲಿ ಕೇರಿ ಅಂದರೆ ಬೈಬಲ್ಲು, ವ್ಯಾಕರಣ ಇಷ್ಟೇ ನೆನಪು. ಮನೆ ಪಕ್ಕ ಐದು ಎಕರೆಯಷ್ಟು ತೋಟ ಮಾಡಿಕೊಂಡಿದ್ದ ಕೇರಿ ಯಾರಿಗೂ ಅಷ್ಟು ಗೊತ್ತಿಲ್ಲ. ಕಾಡಿನ ಕವಲು ಮರದ ಶಾಸ್ತ್ರೀಯ ಹೆಸರು ‘ಕೇರಿಯಾ’. ಅದು ಇವರದ್ದೇ ಹೆಸರು, ಗೆಳೆಯ, ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ಇಟ್ಟದ್ದು.

ಅವರ ತೋಟದ ಒಂದು ಘಟನೆ ನನಗೆ ಬಹಳ ಇಷ್ಟ. ಇಂಗ್ಲೆಂಡಿನಿಂದ ಗೆಳೆಯರೊಬ್ಬರು ಬೀಜದ ಚೀಲ ಕಳಿಸಿದ್ದರು. ಬೀಜವೆಲ್ಲ ತೆಗೆದಾಯಿತು. ಚೀಲದ ತಳದಲ್ಲಿ ಚೂರು ಮಣ್ಣು, ಧೂಳು. ಒಂದು ಬೀಜವೂ ಹಾಳಾಗಬಾರದು ಅಂತ ಕೇರಿ ಆ ಖಾಲಿ ಚೀಲವನ್ನು ನೆರಳಿನ ಜಾಗದಲ್ಲಿ ಜಾಡಿಸಿ ಬಂದರು. ಕೆಲವು ದಿನ ಬಿಟ್ಟು ನೋಡಿದರೆ ಅಲ್ಲೊಂದು ಪುಟ್ಟ ಡೇಸಿ ಗಿಡ! ಇಂಗ್ಲೆಂಡಿನ ಹುಲ್ಲುಗಾವಲಲ್ಲಿ ಕಾಲಿಗೆ ಸಿಗುವ ಹೂವು ಅದು. ಮೂವತ್ತು ವರ್ಷದಿಂದ ಕಂಡಿರಲಿಲ್ಲ, ಇನ್ನು ಕಾಣುತ್ತೇನೆಂದೂ ಅಂದುಕೊಂಡಿರಲಿಲ್ಲ, ಈ ದೇಶಕ್ಕೆ ಬಂದ ಮೇಲೆ ಇಂಥ ಸಂತೋಷ ಆಗಿರಲಿಲ್ಲ ಅಂತ ಗೆಳೆಯರಿಗೆ ಬರೆದರು. ನೆರಳಿನ ಜಾಗ ಅನ್ನೋದನ್ನು ಗಮನಿಸಿ. ನನ್ನ ಹಾಗೆ ನಡುಮಾಳಿಗೆಯಲ್ಲಿ ಇಟ್ಟಿರಲಿಲ್ಲ.

1820ರ ಏಪ್ರಿಲ್‌ನಲ್ಲಿ ಕೇರಿ ಒಂದು ಮನವಿ ಅಚ್ಚು ಹಾಕಿಸಿ ಹಂಚಿದರು. ಅದೇ ವರ್ಷ ಸೆಪ್ಟೆಂಬರ್ 14ಕ್ಕೆ ಕೋಲ್ಕತ್ತಾದಲ್ಲಿ ಸಭೆ ಸೇರಿತು. ಈಗ ‘ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿ ಆಫ್ ಇಂಡಿಯಾ’ ಅನ್ನುವ ಸಂಘ ಹುಟ್ಟಿದ್ದು ಹಾಗೆ. ಆ ಮನವಿಯಲ್ಲಿ ಆ ಕಾಲಕ್ಕೆ ದೊಡ್ಡದೆನಿಸುವ ಮಾತೊಂದಿತ್ತು. ಭಾರತೀಯರು ಬರೀ ಸದಸ್ಯರಾದರೆ ಸಾಲದು, ಬಿಳಿಯರ ಹಾಗೆಯೇ ಪದಾಧಿಕಾರಿಗಳೂ ಆಗಬಹುದು ಅಂತ. ಮುಂದೆ ರಾಜಾ ರಾಧಾಕಾಂತ ದೇವ್ ಇದರ ಉಪಾಧ್ಯಕ್ಷರಾದರು.

ಇದಕ್ಕೆ ಮಾದರಿ ಲಂಡನ್ನಿನಲ್ಲಿತ್ತು. ಕುಂಬಾರಿಕೆಗೆ ಹೆಸರಾದ ವೆಜ್‌ವುಡ್ ಮನೆತನದ ಜಾನ್ ವೆಜ್‌ವುಡ್ 1801ರಲ್ಲಿ ರಾಜನ ತೋಟಗಾರ ಫೋರ್ಸಿತ್‌ಗೆ ಒಂದು ಪತ್ರ ಬರೆದರು. ತೋಟ ಮಾಡುವವರೆಲ್ಲ ಆಗಾಗ ಸೇರಿ, ತಾವು ಬೆಳೆದದ್ದರ ಬಗ್ಗೆ ಬರೆದು ಓದಿದರೆ ಹೇಗೆ ಅನ್ನುವ ವಿಚಾರ. ಪತ್ರ ಸಭೆಯಾಗಲು ಮೂರು ವರ್ಷ ಹಿಡಿಯಿತು. 1804ರ ಮಾರ್ಚ್ 7ರಂದು ಪಿಕಡಿಲಿಯ ಒಂದು ಪುಸ್ತಕದಂಗಡಿಯಲ್ಲಿ ಏಳು ಜನ ಸೇರಿದರು. ಅದೇ 1861ರಲ್ಲಿ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಆಯಿತು. ಇವತ್ತು ಚೆಲ್ಸಿಯ ಹೂವಿನ ಜಾತ್ರೆ ನಡೆಸುವುದು ಇದೇ ಸೊಸೈಟಿ. ಆ ಜಾತ್ರೆ ಚೆಲ್ಸಿಗೆ ಬಂದದ್ದು 1913ರಲ್ಲಿ.

ಕೋಲ್ಕತ್ತಾ ಸಂಘದ ಕೆಲಸ ಏನು? ಹೊರಗಿನಿಂದ ಬೀಜ, ಸಸಿ ತರಿಸುವುದು. ಬೆಳೆಸಿ ನೋಡುವುದು. ಬಂದರೆ ಹಂಚುವುದು, ಬಾರದಿದ್ದರೆ ಬಾರಲಿಲ್ಲ ಅಂತ ಬರೆದಿಡುವುದು. ನನಗೆ ಈ ಕೊನೆಯದೇ ಎಲ್ಲಕ್ಕಿಂತ ದೊಡ್ಡ ಕೆಲಸ ಅನಿಸುತ್ತದೆ. ಗೆದ್ದ ಹೂವನ್ನು ಎಲ್ಲರೂ ತೋರಿಸುತ್ತಾರೆ, ಸತ್ತ ಸಸಿಯ ಲೆಕ್ಕ ಯಾರು ಇಡುತ್ತಾರೆ ಹೇಳಿ? ಜೊತೆಗೆ ತರಕಾರಿ ಪ್ರದರ್ಶನ ಇಟ್ಟು, ಚಲೋ ಬೆಳೆದ ಮಾಲಿಗಳಿಗೆ ಬಹುಮಾನ ಕೊಡುತ್ತಿದ್ದರು. ಮಣ್ಣು ಮೆತ್ತಿದ ಕೈಗೇ ಬಹುಮಾನ ಸಿಗುವ ಏರ್ಪಾಡು.

ಹಾಗಂತ ಎಲ್ಲ ಹೂವಿನ ಪ್ರೀತಿಯೇ ಆಗಿರಲಿಲ್ಲ. ಅದು ಕಂಪನಿ ಸರಕಾರದ ಕಾಲ. ಅಮೆರಿಕದ ಹತ್ತಿ, ಹೊಸ ತಳಿಯ ಕಬ್ಬು, ಅಸ್ಸಾಮಿನ ಚಹಾ ಇವೆಲ್ಲ ಸಂಘದ ಕಣ್ಣಿನಲ್ಲಿದ್ದವು. ಇದರಲ್ಲಿ ವ್ಯಾಪಾರದ ಲಾಭ ಯಾರಿಗೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಲಂಡನ್ ಸಂಘವೂ ಅಷ್ಟೇ. 1843ರಲ್ಲಿ ರಾಬರ್ಟ್ ಫಾರ್ಚ್ಯೂನ್ ಎಂಬಾತನನ್ನು ಹೂಗಿಡ ತರಲು ಚೀನಾಕ್ಕೆ ಕಳಿಸಿತು. ಕೆಲವೇ ವರ್ಷದಲ್ಲಿ ಅದೇ ಮನುಷ್ಯ ಕಂಪನಿಗಾಗಿ ಚೀನಾದಿಂದ ಚಹಾ ಗಿಡ ಭಾರತಕ್ಕೆ ಸಾಗಿಸಿದ.

ಸಂಘದ ಗಾಳಿ ದಕ್ಷಿಣಕ್ಕೂ ಬೀಸಿತು. ಮದರಾಸಿನಲ್ಲಿ 1835ಕ್ಕೆ ಇಂಥದೇ ಸಂಘ ಹುಟ್ಟಿತು. 1836ರಲ್ಲಿ ಬೆಂಗಳೂರಿನ ಲಾಲ್‌ಬಾಗ್ ಕೂಡ ಒಂದು ಕೃಷಿ-ತೋಟಗಾರಿಕೆ ಸಂಘದ ಕೈಗೆ ಬಂತು. ಆರೇ ವರ್ಷದಲ್ಲಿ, 1842ಕ್ಕೆ, ಆ ಸಂಘ ಮುಚ್ಚಿತು. 1856ರಲ್ಲಿ ತೋಟ ಸರಕಾರಿ ಸಸ್ಯೋದ್ಯಾನವಾಯಿತು. ಅಲ್ಲಿನ ಗಾಜಿನ ಮನೆಗೂ ಲಂಡನ್ ಸಂಘಕ್ಕೂ ಒಂದು ದೂರದ ನೆಂಟಸ್ತಿಕೆ ಇದೆ. ಜೋಸೆಫ್ ಪ್ಯಾಕ್ಸ್‌ಟನ್ ಅನ್ನುವ ಹುಡುಗ ಆ ಸಂಘದ ಚಿಸ್ವಿಕ್ ತೋಟದಲ್ಲಿ ಕೂಲಿ ಮಾಡುತ್ತಿದ್ದ. ಜಮೀನಿನ ಮಾಲೀಕನಾದ ಡ್ಯೂಕ್ ಅವನನ್ನು ನೋಡಿ ಮೆಚ್ಚಿ ತನ್ನ ಮನೆತೋಟಕ್ಕೆ ಕರೆದುಕೊಂಡ. ಅದೇ ಹುಡುಗ ಮುಂದೆ 1851ರಲ್ಲಿ ಲಂಡನ್ನಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಅನ್ನುವ ದೊಡ್ಡ ಗಾಜಿನ ಕಟ್ಟಡ ಕಟ್ಟಿದ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದರು. ಫಲಪುಷ್ಪ ಪ್ರದರ್ಶನ ಅಂದರೆ ಇವತ್ತಿಗೂ ಎಲ್ಲರ ಕಣ್ಣ ಮುಂದೆ ಬರುವುದು ಆ ಗಾಜಿನ ಮನೆಯೇ.

ಈ ಇಡೀ ಕಥೆಯಲ್ಲಿ ನಮ್ಮ ಕಡೆಯ ಹೆಸರು ಬರುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಆಗ ನಿಜಾಮರ ರಾಜ್ಯ. 1948ರವರೆಗೂ ನಿಜಾಮರ ಹೈದರಾಬಾದ್, 1956ಕ್ಕೆ ಮೈಸೂರು ರಾಜ್ಯ, 1973ರಲ್ಲಿ ಅದಕ್ಕೇ ಕರ್ನಾಟಕ ಅಂತ ಹೆಸರಾಯಿತು. ಕೋಲ್ಕತ್ತಾ, ಮದರಾಸು, ಬೆಂಗಳೂರು ಅಂತ ಬೀಜದ ಚೀಲ ಓಡಾಡಿದ ದಾರಿ ನಮ್ಮನ್ನು ಬದಿಗಿಟ್ಟು ಹೋಯಿತು. ನಮಗೆ ತೋಟ ಗೊತ್ತಿರಲಿಲ್ಲ ಅಂತಲ್ಲ. ಬೀದರ್ ಕೋಟೆಯೊಳಗೆ ಹೋಗಿ ನೋಡಿ, ಸೋಲಾ ಖಂಬ ಮಸೀದಿ ಮುಂದಿನ ತೋಟದ ಹೆಸರೂ ಲಾಲ್‌ಬಾಗೇ! ಊರ ಹೊರಗೆ ನೌಬಾದ್ ಕಡೆ ನೆಲದಡಿ ನೀರು ಹರಿಸಿದ ಕರೇಜ್ ಇದೆ. ಆದರೆ ಅವು ಅರಸರ ತೋಟ. ಓಣಿಯ ಜನ ಸೇರಿ ಏನು ಬಂತು, ಏನು ಬರಲಿಲ್ಲ ಅಂತ ಬರೆದಿಟ್ಟ ಪುಸ್ತಕ ನಮಗೆ ಸಿಕ್ಕಲಿಲ್ಲ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ಶುರುವಾಗಿದ್ದೇ 2008ರಲ್ಲಿ. ಅದರ ಒಂದು ಕಾಲೇಜು ಈಗ ಬೀದರ್‌ನಲ್ಲಿದೆ. ಅಲ್ಲಿನವರ ಲಕ್ಷ್ಯ ಹೆಚ್ಚಾಗಿ ಹೊಲದ ರೈತರ ಮೇಲೆ, ಅದು ಸರಿಯೂ ಹೌದು. ಮಾಳಿಗೆ ಮೇಲೆ ಎಂಟು ಕುಂಡ ಇಟ್ಟವರನ್ನು ಯಾರು ಕೇಳಬೇಕು?

ಬರೆದಿಟ್ಟದ್ದಿಲ್ಲ ನಿಜ, ಬಾಯಲ್ಲಿ ಬೇಕಾದಷ್ಟಿದೆ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಅನ್ನೋದು ಬಿತ್ತನೆಯ ಪಂಚಾಂಗವಲ್ಲದೆ ಮತ್ತೇನು? ಅಜ್ಜಿ ಹೇಳಿದ ಮಿರಗ ಜೂನ್ ಮೊದಲ ವಾರ ದಾಟಿದ ಮೇಲೆ ಕೂಡುವ ಮಳೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಯಲ್ಲಿ ನೀರು ಹಿಡಿದು ಬೇರು ಕೊಳೆಸುತ್ತದೆ. ಅದಕ್ಕೇ ಅಜ್ಜಿ ಕುಂಡಕ್ಕೆ ಬರೀ ಎರೆ ಹಾಕುವುದಿಲ್ಲ. ಎರಡು ಬುಟ್ಟಿ ಎರೆಗೆ ಒಂದು ಬುಟ್ಟಿ ಉಸುಕು, ಒಂದು ಬುಟ್ಟಿ ತಿಪ್ಪೆಗೊಬ್ಬರ. ತಳದಲ್ಲಿ ಹೆಂಚಿನ ಚೂರು.

ಕೋಲ್ಕತ್ತಾ ಸಂಘ ಈಗಲೂ ಇದೆ. ಅಲಿಪುರದಲ್ಲಿ ಅದರ ತೋಟ. ಸಸಿ ಮಾರುತ್ತಾರೆ, ಹೂವಿನ ಪ್ರದರ್ಶನ ಇಡುತ್ತಾರೆ. ಅಲ್ಲಿ ಕಾರ್ಯದರ್ಶಿಯಾಗಿದ್ದ ಸಿಡ್ನಿ ಪರ್ಸಿ-ಲ್ಯಾಂಕಾಸ್ಟರ್ ಬೆಳೆಸಿದ ಕಾಬಾಳೆ ಹೂವಿನ ತಳಿಗಳು ಹೆಸರುವಾಸಿಯಾದವು. ನಮ್ಮ ಬಚ್ಚಲು ನೀರು ಹರಿಯುವ ಕಡೆ ತಾನೇ ಬೆಳೆದು ನಿಲ್ಲುವ ಅದೇ ಕಾಬಾಳೆ.

ಈ ಸಲ ನಾನೂ ಒಂದು ನೂರು ಪುಟದ ನೋಟ್‌ಬುಕ್ ತಂದಿದ್ದೇನೆ. ಮೊದಲ ಸಾಲು: ‘ಪ್ಯಾನ್ಸಿ, ಮಾರ್ಚ್, ಎಂಟು ಕುಂಡ, ಎಲ್ಲಾ ಹೋದವು.’ ಅಜ್ಜಿಗೆ ಓದಿ ಹೇಳಿದೆ. “ಅದನ್ನೇನು ಬರೀತಿ, ನಾಚಿಕಿ ಇಲ್ಲೇನು?” ಅಂದರು. ಆಮೇಲೆ ತಾವೇ ದುಂಡು ಮಲ್ಲಿಗೆಯ ನಾಲ್ಕು ಟೊಂಗೆ ಮುರಿದು ಕೊಟ್ಟು, “ಇದನ್ನೂ ಬರಕೋ” ಅಂದರು. ಅರ್ಧ ಪೊಟ್ಟಣ ಬೀಜ ಇನ್ನೂ ಫ್ರಿಜ್ಜಿನಲ್ಲಿದೆ. ದಸರಾ ಮುಗಿಯಲಿ, ಬಿತ್ತುತ್ತೇನೆ.