ಕರಾವಳಿಯಲ್ಲಿ ಪಾಚಿ ಕೊಳ: ಲೆಕ್ಕ ಮಳೆಯಿಂದ ಶುರುವಾಗಲಿ

ಮೈಕ್ರೋ ಆಲ್ಗೆ ಅಂದರೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಇದರ ಕೆಲವು ಜಾತಿಗಳು ತಮ್ಮೊಳಗೆ ಎಣ್ಣೆ ಕೂಡಿಡುತ್ತವೆ. ಆ ಎಣ್ಣೆಯಿಂದ ಬಯೋಡೀಸೆಲ್ ಮಾಡಬಹುದು. ಯಾವ ಜಾತಿ ಬೆಳೆಸಬೇಕು ಎಂಬುದೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಆದರೆ ಕಾರವಾರ, ಕುಮಟಾ ಕಡೆ ಕೊಳ ಕಟ್ಟುವುದಾದರೆ ಮೊದಲು ಕೇಳಬೇಕಾದ್ದು ಮಳೆಯ ಬಗ್ಗೆ.

ಹೆಚ್ಚು ಬಳಕೆಯಲ್ಲಿರುವುದು ರೇಸ್‌ವೇ ಕೊಳ. ಉದ್ದನೆಯ ಕಾಲುವೆ, ನಡುವೆ ಒಂದು ಗೋಡೆ, ಎರಡೂ ತುದಿ ದುಂಡಗೆ. ನೀರು ಸುತ್ತುತ್ತಾ ಇರಲು ಒಂದು ಪ್ಯಾಡಲ್ ಚಕ್ರ. ಆಳ 20ರಿಂದ 30 ಸೆಂಟಿಮೀಟರ್ ಮಾತ್ರ. ಪಾಚಿ ದಟ್ಟವಾದಂತೆ ಮೇಲಿನ ಕೋಶಗಳೇ ಬೆಳಕನ್ನೆಲ್ಲ ಹೀರಿಕೊಳ್ಳುತ್ತವೆ, ಸ್ವಲ್ಪ ಕೆಳಗೇ ಕತ್ತಲೆ. ಆಳ ಹೆಚ್ಚಿಸಿದರೆ ನೀರು ಹೆಚ್ಚುತ್ತದೆಯೇ ಹೊರತು ಬೆಳೆ ಹೆಚ್ಚುವುದಿಲ್ಲ. ಕೆಳಗಿನ ಕೋಶಗಳನ್ನು ಬೆಳಕಿಗೆ ತರುವುದು, ತಳ ಹಿಡಿಯದಂತೆ ನೋಡುವುದು ಚಕ್ರದ ಕೆಲಸ. ಸೆಕೆಂಡಿಗೆ 20-30 ಸೆಂಟಿಮೀಟರ್ ವೇಗ ಸಾಕು. ವೇಗ ಎರಡು ಪಟ್ಟಾದರೆ ಬೇಕಾಗುವ ಶಕ್ತಿ ಸುಮಾರು ಎಂಟು ಪಟ್ಟಾಗುತ್ತದೆ. ಸುಮ್ನೆ ಜೋರಾಗಿ ತಿರುಗಿಸಿದರೆ ಎಣ್ಣೆಯಿಂದ ಸಿಗುವ ಶಕ್ತಿಗಿಂತ ಕರೆಂಟೇ ಜಾಸ್ತಿ ಖರ್ಚಾದೀತು.

ಈಗ ಲೆಕ್ಕಕ್ಕೆ ಬರೋಣ. 1000 ಚದರ ಮೀಟರ್, ಅಂದರೆ ಸುಮಾರು ಹತ್ತು ಗುಂಟೆ ಕೊಳ. ಆಳ 25 ಸೆಂಟಿಮೀಟರ್. ಎರಡೂವರೆ ಲಕ್ಷ ಲೀಟರ್ ಸಮುದ್ರದ ನೀರು. ದಿನಕ್ಕೆ ಚದರ ಮೀಟರಿಗೆ 15 ಗ್ರಾಂ ಒಣ ಪಾಚಿ ಸಿಕ್ಕಿತು ಅಂತಿಟ್ಟುಕೊಳ್ಳಿ. ಒಟ್ಟು 15 ಕೆ.ಜಿ. ಅದರಲ್ಲಿ ಕಾಲು ಭಾಗ ಎಣ್ಣೆ ಎಂದರೂ ನಾಲ್ಕು ಲೀಟರ್ ಆಸುಪಾಸು, ಅಷ್ಟೇ. ಸಾರಜನಕ ಕಡಿಮೆ ಕೊಟ್ಟರೆ ಎಣ್ಣೆಯ ಪ್ರಮಾಣ ಏರುತ್ತದೆ, ಆದರೆ ಬೆಳವಣಿಗೆ ಕುಗ್ಗುತ್ತದೆ.

ಇಂಥ ಕೊಳದ ಮೇಲೆ ಜುಲೈ ತಿಂಗಳ ಒಂದು ಜೋರು ದಿನ 100 ಮಿಲಿಮೀಟರ್ ಮಳೆ ಬಿತ್ತು ಅನ್ನಿ. ನೀರು 25 ಸೆಂಟಿಮೀಟರಿಂದ 35ಕ್ಕೆ ಏರುತ್ತದೆ. ಲೀಟರಿಗೆ 35 ಗ್ರಾಂ ಇದ್ದ ಉಪ್ಪು 25ಕ್ಕೆ ಇಳಿಯುತ್ತದೆ. ಅಂಚು ಎತ್ತರವಿಲ್ಲದಿದ್ದರೆ ಪಾಚಿಯೂ ಹರಿದು ಹೋಗುತ್ತದೆ. ನಮ್ಮ ಕರಾವಳಿಗೆ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕೊಳದ ಆಳದ ಹತ್ತು ಪಟ್ಟಿಗಿಂತ ಜಾಸ್ತಿ! ಮೇಲಾಗಿ ಮೋಡ ಕವಿದು ಬೆಳಕೂ ಇರುವುದಿಲ್ಲ. ಹೊರಗಿನ ಪಾಚಿ, ಪಾಚಿ ತಿನ್ನುವ ಸೂಕ್ಷ್ಮಜೀವಿಗಳು ಸಿಹಿಯಾದ ನೀರಿನಲ್ಲಿ ಸಲೀಸಾಗಿ ಸೇರಿಕೊಳ್ಳುತ್ತವೆ.

ಊರಿನ ಹವೆ ಲೆಕ್ಕ ಕೆಡಿಸುವುದು ಹೊಸದಲ್ಲ. ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ಪಾಚಿ ಇಂಧನದ ದೊಡ್ಡ ಯೋಜನೆ ನಡೆಸಿತು. ನ್ಯೂ ಮೆಕ್ಸಿಕೋದ ರೋಸ್‌ವೆಲ್‌ನಲ್ಲಿ ಇದೇ 1000 ಚದರ ಮೀಟರ್ ಅಳತೆಯ ಕೊಳ ಕಟ್ಟಿದರು. ಅಲ್ಲಿ ಇಳುವರಿ ಇಳಿಸಿದ್ದು ಚಳಿ.

ಹಾಗಾದರೆ ಪೂರ್ತಿ ಮುಚ್ಚಿದ ಗಾಜಿನ ಕೊಳವೆಗಳಲ್ಲಿ ಬೆಳೆಸಬಹುದಲ್ವಾ? ಬೆಳೆಸಬಹುದು. ಇದೇ ಫೋಟೋಬಯೋರಿಯಾಕ್ಟರ್. ಮಳೆಯ ಕಾಟ ಇಲ್ಲ, ಪಾಚಿ ದಟ್ಟವಾಗಿ ಬರುತ್ತದೆ. ಆದರೆ ಉದ್ದದ ಕೊಳವೆಯಲ್ಲಿ ಆಮ್ಲಜನಕ ತುಂಬಿಕೊಂಡು ಬೆಳವಣಿಗೆ ತಡೆಯುತ್ತದೆ, ಬಿಸಿಲಿಗೆ ನೀರು ಕಾಯುತ್ತದೆ, ತಂಪು ಮಾಡಲು ಮತ್ತೆ ಖರ್ಚು. ನಾಲ್ಕು ಲೀಟರ್ ಎಣ್ಣೆಗೆ ಇಷ್ಟು ದುಬಾರಿ ವ್ಯವಸ್ಥೆ ಹೊಂದುವುದಿಲ್ಲ. ಬಿತ್ತನೆ ಪಾಚಿ ಬೆಳೆಸಲು ಮಾತ್ರ ಇದನ್ನು ಇಟ್ಟುಕೊಳ್ಳುವುದು ಸರಿ.

ಗೋಕರ್ಣದ ಬಳಿ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ನೋಡಿ. ಬೇಸಿಗೆಯಲ್ಲಿ ಉಪ್ಪು, ಮಳೆಗಾಲದಲ್ಲಿ ಕೆಲಸ ಬಂದ್. ಅಘನಾಶಿನಿ ಹೊಳೆಯ ಗಜನಿ ಗದ್ದೆಗಳಲ್ಲೂ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲೂ, ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ, ಆಮೇಲೆ ಉಪ್ಪುನೀರು ಬಿಟ್ಟು ಸೀಗಡಿ, ಮೀನು. ಪಾಚಿ ಕೊಳವೂ ಹೀಗೆ ಅಕ್ಟೋಬರ್ ಕೊನೆಯಿಂದ ಮೇವರೆಗಿನ ಬೆಳೆಯಾಗಲಿ. ಆದರೆ ಗಜನಿ ಜಮೀನನ್ನೇ ಇದಕ್ಕೆ ತೆಗೆದುಕೊಳ್ಳುವುದು ಬೇಡ. ಅಲ್ಲಿ ಭತ್ತ ಬೆಳೆಯುವವರು, ಹೊಳೆಯಲ್ಲಿ ಬಳಚು (ಚಿಪ್ಪಿನ ಜೀವಿ) ಹೆಕ್ಕುವವರು ಬದುಕುತ್ತಿದ್ದಾರೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ, ಸೇರಿದೆ. ಹತ್ತಿರದ ಬರಡು ಚಿರೆಕಲ್ಲು ದಿಬ್ಬವೇ ಸೂಕ್ತ. ಚಿರೆಕಲ್ಲು ನೀರು ಇಂಗಿಸುತ್ತದೆ, ಹಾಗಾಗಿ ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಬೇಕು. ನೀರು ಮೇಲೆತ್ತುವ ಪಂಪಿನ ಖರ್ಚನ್ನೂ ಮರೆಯಬೇಡಿ.

ಕೊಯ್ಲು ಇನ್ನೊಂದು ಕಷ್ಟ. ಲೀಟರಿಗೆ ಅರ್ಧ ಗ್ರಾಂ ಪಾಚಿ ಇದ್ದರೆ 15 ಕೆ.ಜಿ.ಗೆ ದಿನಾ 30,000 ಲೀಟರ್ ನೀರು ಸೋಸಬೇಕು. ಅಷ್ಟನ್ನೂ ಸೆಂಟ್ರಿಫ್ಯೂಜಿಗೆ, ಅಂದರೆ ಜೋರಾಗಿ ತಿರುಗಿಸಿ ಪಾಚಿ ಬೇರ್ಪಡಿಸುವ ಯಂತ್ರಕ್ಕೆ, ಹಾಕಿದರೆ ನಷ್ಟ. ಮೊದಲು ತಳಕ್ಕೆ ಕೂರಿಸಬೇಕು. ಸೀಗಡಿ ಸಿಪ್ಪೆಯಿಂದ ತೆಗೆಯುವ ಕೈಟೋಸಾನ್ ಇದಕ್ಕೆ ಬಳಕೆಯಲ್ಲಿದೆ, ಆದರೆ ಉಪ್ಪುನೀರಿನಲ್ಲಿ ಅದರ ಹಿಡಿತ ಕಡಿಮೆ. ಸುಣ್ಣ ಹಾಕಿ ಕ್ಷಾರ ಏರಿಸಿದರೆ ಸಮುದ್ರದ ನೀರಿನ ಮೆಗ್ನೀಸಿಯಂ ಗಟ್ಟಿಯಾಗಿ ಪಾಚಿಯನ್ನು ಎಳೆದುಕೊಂಡು ಕೆಳಗಿಳಿಯುತ್ತದೆ. ನನಗೆ ಈ ದಾರಿಯೇ ಹಿಡಿಸಿತು.

ಬಿತ್ತನೆಯ ವೇಳಾಪಟ್ಟಿ ಹೀಗೆ ಹಾಕಿ. ಪ್ರತಿ ಹಂತದಲ್ಲೂ ಹತ್ತರಲ್ಲಿ ಒಂದು ಪಾಲು ಬಿತ್ತನೆ. 2.5 ಲೀಟರಿಂದ 25, 250, 2,500, 25,000, ಕೊನೆಗೆ ಎರಡೂವರೆ ಲಕ್ಷ. ಹಂತಕ್ಕೆ ಒಂದು ವಾರ ಹಿಡಿದರೂ ಐದು ವಾರ ಆಯಿತು. ಮೋಡದ ದಿನಗಳಿಗೆ ಇನ್ನಷ್ಟು ಬಿಡುವು ಕೊಡಬೇಕು. ಅಂದರೆ ಸೆಪ್ಟೆಂಬರ್ ಆರಂಭಕ್ಕೇ ಸೂರಿನಡಿ ಮೊದಲ ಬಾಟಲಿ ತಯಾರಿರಬೇಕು.